ಮೈಸೂರು ದಾರಿಯೂ ಒಂದು ದಂಡದ ಚೀಟಿಯೂ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯನ್ನು ಅರಿಯದ ಗೃಹಸ್ಥರು ನಮ್ಮ ಸೀಮೆಯಲ್ಲಿ ವಿರಳ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಂದು ಜಪಸರದ ಮಣಿಗಳಂತೆ ಊರುಗಳನ್ನೆಣಿಸುತ್ತ ಸಾಗುತ್ತಿದ್ದ ಕಾಲವೊಂದಿತ್ತು. 2023ನೆಯ ಮಾರ್ಚ್ 12ರಂದು ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಅಂದಿನಿಂದ ಆ ಊರುಗಳೆಲ್ಲ ಬದಿಗೆ ಸರಿದುವು. ಈಗ ಪ್ರಯಾಣಿಕನಿಗೆ ಕಾಣುವುದು ಬೇಲಿ, ಮೇಲುಸೇತುವೆ, ದೂರದಲ್ಲಿ ರಾಮನಗರದ ಬಂಡೆಗಳು, ಮಂಡ್ಯದ ಕಬ್ಬಿನ ಹಸುರು, ಇಷ್ಟೇ. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳಿಗೆ ಅಲ್ಲಿ ಪ್ರವೇಶವಿಲ್ಲ. ಕಾರುಗಳಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ.

2025ನೆಯ ಫೆಬ್ರವರಿಯಲ್ಲಿ ಮೈಸೂರಿನಲ್ಲೊಂದು ಮದುವೆ. ಬೆಳಿಗ್ಗೆ ಏಳಕ್ಕೆ ಹೊರಟು, ಊಟ ಮುಗಿಸಿ, ಸಂಜೆಯೇ ಹಿಂದಿರುಗಿದೆವು. ಗಾಡಿ ನಡೆಸಿದವನು ನಮ್ಮ ಮಗ. ಹತ್ತು ದಿವಸಗಳ ತರುವಾಯ ಕಚೇರಿಯೊಂದರಿಂದ ನೋಟೀಸು ಬಂದಿತು. ಮದ್ದೂರಿನ ಸಮೀಪ ನಮ್ಮ ಕಾರು 114ರ ವೇಗದಲ್ಲಿತ್ತು. ದಂಡ ಒಂದು ಸಾವಿರ ರೂಪಾಯಿ. ಜತೆಗೆ ಕಾರಿನ ಚಿತ್ರವೂ ಇದ್ದಿತು. ದಿನಾಂಕ ಸರಿ, ಸ್ಥಳ ಸರಿ, ಗಾಡಿಯ ನಂಬರೂ ಸರಿ. ಗಂಟೆ ಮಾತ್ರ ಬೆಳಿಗ್ಗೆ 5-42 ಎಂದಿತ್ತು.

ಮಗನ ಮುಖ ಅರಳಿತು. “ಅಪ್ಪಾ, ಆ ಹೊತ್ತಿಗೆ ಕಾರು ನಮ್ಮ ಮನೆಯ ಕೆಳಗೇ ನಿಂತಿತ್ತು. ಗೇಟಿನ ಕಾವಲುಗಾರನ ಪುಸ್ತಕದಲ್ಲಿ ಏಳು ಗಂಟೆಗೆ ಹೊರಟದ್ದು ಬರೆದಿದೆ. ಇದಕ್ಕಿಂತ ಸಾಕ್ಷ್ಯ ಬೇಕೆ?” ಎಂದನು. ಪುಸ್ತಕ ನೋಡಿದೆವು; ನಿಜವೇ. ಅವನ ಮಾತಿನಲ್ಲಿ ಒಂದಕ್ಷರವೂ ಸುಳ್ಳಲ್ಲ. ನಮ್ಮ ಸಂಕಟಕ್ಕೆ ಕಾರಣವೂ ಅದೇ.

ಚಿತ್ರದ ಅಂಚು ಕತ್ತರಿಸಿಹೋಗಿ ಅದರಲ್ಲಿ ಗಂಟೆ ಕಾಣುತ್ತಿರಲಿಲ್ಲ. ಆದರೆ ಕಾರಿನ ಮುಂದೆ ಅದರ ನೆರಳು ನೀಳವಾಗಿ ಬಿದ್ದಿತ್ತು. ಬೆಂಗಳೂರಿನ ಕಡೆಗೆ, ಎಂದರೆ ಮೂಡಣಕ್ಕೆ ಓಡುವ ಗಾಡಿಯ ನೆರಳು ಮುಂದೆ ಬೀಳಬೇಕಾದರೆ ಸೂರ್ಯನು ಹಿಂದೆ, ಪಡುವಣದಲ್ಲಿರಬೇಕು. ಫೆಬ್ರವರಿಯಲ್ಲಿ ಬೆಳಿಗ್ಗೆ 5-42ಕ್ಕೆ ಸೂರ್ಯೋದಯವೇ ಆಗಿರುವುದಿಲ್ಲ. ಸಂಜೆಯ ಹೊತ್ತನ್ನು ಯಾರೋ ಬೆಳಗಿನದೆಂದು ಬರೆದುಬಿಟ್ಟಿದ್ದರು. ಕಚೇರಿಯವರು ಆ ನೆರಳನ್ನು ಗಮನಿಸಿರಲಿಲ್ಲ, ನಾವು ಗಮನಿಸಿದೆವು.

ವಕೀಲರಾದ ನಮ್ಮ ಭಾವಮೈದುನರನ್ನು ಕೇಳಿದೆವು. ಅವರು ಚೀಟಿಯನ್ನು ಎರಡು ಸಲ ತಿರುವಿ ಹಾಕಿ ಹೇಳಿದರು: “ಭಾವ, ತಕರಾರು ಮಾಡುವುದು ನಿಮ್ಮ ಹಕ್ಕು. ಯಂತ್ರದ ಕಣ್ಣಿನಿಂದ ಹಿಡಿದ ತಪ್ಪಿಗೆ 2021ರಲ್ಲಿ ನಿಯಮಗಳಾಗಿವೆ. ಹದಿನೈದು ದಿನದೊಳಗೆ ನೋಟೀಸು ಕಳುಹಿಸಬೇಕು, ಚಿತ್ರವಿರಬೇಕು, ಅಳೆದ ವೇಗ, ಸ್ಥಳ, ದಿನ, ಹೊತ್ತು ಇರಬೇಕು. ಆ ಯಂತ್ರಕ್ಕೆ ವರ್ಷವರ್ಷವೂ ಹೊಸದಾಗುವ ಪ್ರಮಾಣಪತ್ರ ಬೇಕು. ಅದಕ್ಕೂ ಮುಂಚೆ ದಾರಿಯಲ್ಲಿ ಎಚ್ಚರಿಕೆಯ ಫಲಕವಿರಬೇಕು. ಆದರೆ ಬರವಣಿಗೆಯ ತಪ್ಪೊಂದರಿಂದಲೇ ಮೊಕದ್ದಮೆ ಬಿದ್ದುಹೋಗುತ್ತದೆಂದು ನೆಚ್ಚಬೇಡಿ. ಆರೋಪಪಟ್ಟಿಯಲ್ಲಿ ತಪ್ಪಿದ್ದರೂ, ಅದರಿಂದ ಆರೋಪಿಯು ನಿಜವಾಗಿ ದಾರಿತಪ್ಪಿ ನ್ಯಾಯಕ್ಕೆ ಕುಂದು ಬಂದಿದ್ದರೆ ಮಾತ್ರ ಅದಕ್ಕೆ ಬೆಲೆ. ಹಿಂದಿನ ಸಂಹಿತೆಯಲ್ಲಿ 215ನೆಯ ಕಲಮು, ಈಗಿನದರಲ್ಲಿ 238. ಇದು ಬರಿಯ ನೋಟೀಸು ನಿಜ. ಆದರೂ ಮ್ಯಾಜಿಸ್ಟ್ರೇಟರು ಅದೇ ಪ್ರಶ್ನೆಯನ್ನು ಕೇಳಿಯಾರು. ನೀವು ದಾರಿತಪ್ಪಿದಿರಾ?” ನಾವು ನಕ್ಕು ಸುಮ್ಮನಾದೆವು. “ಹಾಗಾದರೆ ಫಲಕವನ್ನಾದರೂ ನೋಡಿಕೊಂಡು ಬನ್ನಿ” ಎಂದರು.

ಮುಂದಿನ ಭಾನುವಾರ ಮೂವರೂ ಹೊರಟೆವು. ಸಾವಿರ ರೂಪಾಯಿ ಉಳಿಸಲು ಪೆಟ್ರೋಲಿಗೂ ಟೋಲಿಗೂ ಹಣ ಸುರಿಯುವ ಈ ವಿವೇಕವನ್ನು ಕುರಿತು ನಮ್ಮ ಮನೆಯವರು ಬಿಡದಿಯವರೆಗೂ ಮಾತನಾಡಿದರು. ಮಂಡ್ಯದ ಹತ್ತಿರ ತಿರುಗಿಕೊಂಡು, ಅಂದಿನ ದಿಕ್ಕಿನಲ್ಲೇ ಬಂದೆವು. ಮಗನು ಎಡಸಾಲಿನಲ್ಲಿ ನಿಧಾನವಾಗಿ ನಡೆಸಿದನು. ಫಲಕವಿತ್ತು. ಕನ್ನಡಕವಿಲ್ಲದೆಯೇ ನಮ್ಮ ಮನೆಯವರು ಅದನ್ನು ಗಟ್ಟಿಯಾಗಿ ಓದಿದರು. “ಹೊಸದಾಗಿ ನೆಟ್ಟದ್ದೋ ಏನೋ” ಎಂದೆವು. ಮಗನು ಸ್ವಲ್ಪ ಹೊತ್ತು ಬಿಟ್ಟು, “ಇಲ್ಲ ಅಪ್ಪಾ, ಅಂದೂ ಇತ್ತು. ನಾನು ನೋಡಿದ್ದೆ” ಎಂದನು.

ಮುಂದಿನ ಹೊರದಾರಿಯಲ್ಲಿ ಹೆದ್ದಾರಿಯನ್ನು ಬಿಟ್ಟು ಹಳೆಯ ರಸ್ತೆಗೆ ಇಳಿದೆವು. ಅಲ್ಲಿ ಹುಣಿಸೆಮರದ ಕೆಳಗಿದ್ದ ಒಂದು ಸಣ್ಣ ಹೋಟಲಿನಲ್ಲಿ ವಡೆ ತಿಂದೆವು. ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿ ಬೆರೆತ ಆ ವಡೆ ಮದ್ದೂರಿನ ಹೆಸರನ್ನು ಹೊತ್ತು ನಾಡೆಲ್ಲ ಸುತ್ತಿದೆಯಾದರೂ, ಬಾಣಲೆಯ ಪಕ್ಕದಲ್ಲಿ ನಿಂತು ತಿಂದವರಿಗೇ ಅದರ ಗರಿಯ ಸೊಗಸು ತಿಳಿಯುವುದು. ಗಲ್ಲದಲ್ಲಿ ಕುಳಿತ ಮುದುಕರು ವ್ಯಾಪಾರ ಅರ್ಧಕ್ಕಿಳಿದುದನ್ನು ನೊಂದುಕೊಳ್ಳದೆಯೇ ಹೇಳಿದರು. ಯಂತ್ರದ ಮಾತು ಬಂದಾಗ, “ಅದು ಬರುವುದಕ್ಕೆ ಮುಂಚೆ ನನ್ನ ತಂಗಿಯ ಮಗ ಆಚೆಯ ಹೊಲಕ್ಕೆ ದಾಟಲು ಹೋದ, ಸ್ವಾಮಿ. ಬಂದ ಕಾರು ದೂರದಲ್ಲೇ ಇದೆ ಅಂದುಕೊಂಡನಂತೆ” ಎಂದು, ಮತ್ತೆ ಚಿಲ್ಲರೆ ಎಣಿಸತೊಡಗಿದರು.

ಮಗನು ಎಲೆಯ ಮೇಲಿದ್ದ ಎರಡನೆಯ ವಡೆಯನ್ನು ಮುಟ್ಟಲಿಲ್ಲ. ಕಾರಿನಲ್ಲಿ ಕುಳಿತ ಮೇಲೆ ತಾನೇ ಲೆಕ್ಕ ಹಾಕಿದನು: 114ರಲ್ಲಿ ಗಾಡಿ ಸೆಕೆಂಡಿಗೆ ಸುಮಾರು ಮೂವತ್ತೆರಡು ಮೀಟರ್ ಓಡುತ್ತದೆ, 100ರಲ್ಲಿ ಇಪ್ಪತ್ತೆಂಟು. ನೂರಿಪ್ಪತ್ತು ಕಿಲೋಮೀಟರನ್ನೂ ಅದೇ ವೇಗದಲ್ಲಿ ಓಡಿಸಿದರೂ ಉಳಿಯುವುದು ಒಂಬತ್ತು ನಿಮಿಷ. ಮದುವೆಮನೆಯಲ್ಲಿ ಚಪ್ಪಲಿ ಹುಡುಕುವುದಕ್ಕೇ ನಮಗೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತು.

ಹಾಗೆಂದು ತಪ್ಪು ಗಂಟೆಯನ್ನು ಸುಮ್ಮನೆ ಒಪ್ಪಿಕೊಳ್ಳುವುದಕ್ಕೂ ನಮಗೆ ಮನಸ್ಸಾಗಲಿಲ್ಲ. ಇದೇ ಕೈ ನಾಳೆ ಇನ್ನೊಬ್ಬರ ನಂಬರನ್ನೇ ತಪ್ಪಾಗಿ ಬರೆದೀತು. ಅವರಿಗೆ ಗೇಟಿನ ಪುಸ್ತಕವೂ ಇರಲಿಕ್ಕಿಲ್ಲ, ವಕೀಲ ಭಾವಮೈದುನನೂ ಇರಲಿಕ್ಕಿಲ್ಲ. ಆ ರಾತ್ರಿ ಮಗನಿಂದಲೇ ಕಾಗದ ಬರೆಯಿಸಿದೆವು: ಕಾರು ನಮ್ಮದೇ, ವೇಗವೂ ನಿಜ, ಹೊತ್ತು ಸಂಜೆಯದು, ನೆರಳನ್ನು ನೋಡಿರಿ, ತಿದ್ದಿ ಕಳುಹಿಸಿದರೆ ಹಣ ಕಟ್ಟುತ್ತೇವೆ.

ಮೂರು ವಾರಗಳ ಮೇಲೆ ತಿದ್ದಿದ ನೋಟೀಸು ಬಂದಿತು. ಗಂಟೆ ಸರಿಯಾಗಿತ್ತು. ಈ ಸಲ ನಮ್ಮ ಹೆಸರಿನ ಮೊದಲಕ್ಷರ ಬಿಟ್ಟುಹೋಗಿತ್ತು. ಮಗನು ನಮ್ಮ ಮುಖ ನೋಡಿದನು. “ಕಟ್ಟಿ ಬಾ” ಎಂದೆವು.