ಡ್ರಾಕುಲಾನ ಕೋಟೆಯಿಂದಾಚೆ

ರುಮೇನಿಯಾಕ್ಕೆ ಹೊರಟಿದ್ದೇನೆ ಅಂದರೆ ಸಾಕು, ಎದುರಿಗಿದ್ದವರ ಬಾಯಿಂದ ಬರುವ ಮೊದಲ ಹೆಸರು ಡ್ರಾಕುಲಾ. ಬ್ರಾನ್ ಊರಿನ ಗುಡ್ಡದ ಮೇಲಿರುವ, ಅವನದೆಂದೇ ಹೆಸರಾದ ಕೋಟೆಗೆ ಬೇಸಿಗೆಯಲ್ಲಿ ಉದ್ದಾನುದ್ದ ಸಾಲು. ಗುಡ್ಡದ ಬುಡದ ಅಂಗಡಿಗಳ ತುಂಬ ಕೋರೆಹಲ್ಲಿನ ಮುಖವಾಡ, ಟೀ ಶರ್ಟು. 1897ರಲ್ಲಿ ಹೊರಬಂದ ‘ಡ್ರಾಕುಲಾ’ ಕಾದಂಬರಿ ಬರೆದ ಬ್ರಾಮ್ ಸ್ಟೋಕರ್ ರುಮೇನಿಯಾದಲ್ಲಿ ಕಾಲಿಟ್ಟವನೇ ಅಲ್ಲ. ಕೋಟೆ ಚೆಂದವಾಗಿಯೇ ಇದೆ, ನೋಡಬಾರದು ಅನ್ನುವುದಿಲ್ಲ. ಆದರೆ ಪ್ರವಾಸಿಗಳು ಬರುತ್ತಾರೆಂದು ಸಿಂಗರಿಸಿಟ್ಟ ಜಾಗಕ್ಕಿಂತ, ಜನ ತಮ್ಮ ಪಾಡಿಗೆ ತಮಗಾಗಿ ಮಾಡಿಕೊಂಡದ್ದನ್ನು ನೋಡಿದರೆ ದೇಶ ಹೆಚ್ಚು ಅರ್ಥವಾಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಅಂಥ ಜಾಗಗಳು ರುಮೇನಿಯಾದಲ್ಲಿ ಇರುವಷ್ಟು ಯುರೋಪಿನ ಬೇರೆಲ್ಲೂ ಇಲ್ಲವೇನೋ ಅನ್ನಿಸುತ್ತದೆ.

ಮೊದಲು ಸ್ಮಶಾನಕ್ಕೇ ಕರೆದೊಯ್ಯುತ್ತೇನೆ. ದೇಶದ ಉತ್ತರದ ತುದಿಯಲ್ಲಿ, ಉಕ್ರೇನಿನ ಗಡಿಗೆ ತಾಗಿಕೊಂಡು ಮರಮುರೆಶ್ ಸೀಮೆ. ಅಲ್ಲಿ ಸಪುಂತ್ಸ ಎಂಬ ಹಳ್ಳಿ. ಆ ಹಳ್ಳಿಯ ಚರ್ಚಿನ ಸುತ್ತ ಎಂಟುನೂರಕ್ಕೂ ಹೆಚ್ಚು ಓಕ್ ಮರದ ಶಿಲುಬೆಗಳು, ಎಲ್ಲವೂ ದಟ್ಟ ನೀಲಿ. ಮಳೆ, ಹಿಮ ಬೀಳದಂತೆ ಪ್ರತಿಯೊಂದರ ನೆತ್ತಿಗೂ ಪುಟ್ಟದೊಂದು ಮರದ ಸೂರು. ಸೂರಿನಡಿ ಕೆತ್ತಿ ಬಣ್ಣ ಹಚ್ಚಿದ ಚಿತ್ರ. ಅದು ದೇವರದ್ದಲ್ಲ, ದೇವದೂತರದ್ದೂ ಅಲ್ಲ. ಮಣ್ಣಿನಲ್ಲಿ ಮಲಗಿರುವವರು ಬದುಕಿದ್ದಾಗ ಏನು ಕೆಲಸ ಮಾಡುತ್ತಿದ್ದರೋ ಅದರ ಚಿತ್ರ. ಉಣ್ಣೆ ನೂಲುವ ಹೆಂಗಸು, ಕುರಿ ಕಾಯುವವ, ಟ್ರ್ಯಾಕ್ಟರ್ ಮೇಲೆ ಕೂತವ, ಮಾಂಸ ಕಡಿಯುವವ. ಕೆಲವು ಶಿಲುಬೆಗಳ ಹಿಂಬದಿಯಲ್ಲಿ ಸಾವು ಹೇಗೆ ಬಂತು ಎಂಬ ಚಿತ್ರವೂ ಉಂಟು. ಚಿತ್ರದ ಕೆಳಗೆ ಊರಿನ ಆಡುಮಾತಿನಲ್ಲೇ ಒಂದು ಪದ್ಯ. ಮಾತಾಡುವವರು ಸತ್ತವರೇ: ನಾನು ಇಂಥವಳು, ಹೀಗೆ ಬಾಳಿದೆ, ಹೀಗೆ ಹೋದೆ ಎಂಬ ಧಾಟಿ.

ಇದನ್ನೆಲ್ಲ ಶುರುಮಾಡಿದವನು ಸ್ಟಾನ್ ಇಯೋನ್ ಪತ್ರಾಶ್ ಎಂಬ ಮರಗೆತ್ತನೆಯವ. 1935ರ ಹೊತ್ತಿಗೆ ಮೊದಲ ಶಿಲುಬೆ ಕೆತ್ತಿದ. 1977ರಲ್ಲಿ ತೀರಿಕೊಳ್ಳುವವರೆಗೂ ಉಳಿ ಕೆಳಗಿಡಲಿಲ್ಲ. ಊರಿನಲ್ಲಿ ಒಬ್ಬರು ಸತ್ತರೆ ಅವರ ಬಗ್ಗೆ ಜನ ಏನು ಆಡಿಕೊಳ್ಳುತ್ತಾರೆಂದು ಕಿವಿಗೊಟ್ಟು ಕೇಳಿ, ಪದ್ಯವನ್ನೂ ತಾನೇ ಕಟ್ಟುತ್ತಿದ್ದ. ಕುಡುಕನಿಗೆ ಕುಡುಕ ಅಂತಲೇ ಬರೆದ. ಪರಸ್ತ್ರೀಯರ ಹಿಂದೆ ತಿರುಗಿದವನ ಗುಟ್ಟು ಶಿಲುಬೆಯ ಮೇಲೆ ಬಣ್ಣದಲ್ಲಿ ರಟ್ಟಾಯಿತು. ಅತ್ತೆಯೊಬ್ಬಳ ಶಿಲುಬೆಯಂತೂ ಜಗತ್ಪ್ರಸಿದ್ಧ. ಆಕೆ ಎಚ್ಚೆತ್ತು ಮನೆಗೆ ವಾಪಸು ಬಂದರೆ ಏನಪ್ಪಾ ಗತಿ ಎಂಬ ದಿಗಿಲೇ ಆ ಪದ್ಯದ ಸಾರ.

ಆದರೆ ಇದನ್ನು ತಮಾಷೆಯ ಸ್ಮಶಾನ ಎಂದಷ್ಟೇ ಹೇಳಿ ಮುಗಿಸುವವರ ಮೇಲೆ ನನಗೆ ತಕರಾರಿದೆ. ಟ್ಯಾಕ್ಸಿಗೆ ಸಿಕ್ಕಿ ಸತ್ತ ಪುಟ್ಟ ಹುಡುಗಿಯೊಬ್ಬಳ ಶಿಲುಬೆ ಅಲ್ಲೇ ಇದೆ. ಅದರಲ್ಲಿ ಮಗು ಆ ಟ್ಯಾಕ್ಸಿಗೆ ನೇರವಾಗಿ ಶಾಪ ಹಾಕುತ್ತದೆ. ಅದರ ಮುಂದೆ ನಿಂತವರಿಗೆ ನಗು ಬರುವುದಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎಂಬುದು ಲೋಕರೂಢಿ. ಸಪುಂತ್ಸದವರು ಸತ್ತವರನ್ನು ಇದ್ದ ಹಾಗೇ ಉಳಿಸಿಕೊಂಡರು, ಅವರ ಕುಡಿತ, ಸಿಟ್ಟು, ಬೈಗುಳಗಳ ಸಮೇತ. ಅದಕ್ಕಿಂತ ದೊಡ್ಡ ಪ್ರೀತಿ ನನಗೆ ಗೊತ್ತಿಲ್ಲ. ಪತ್ರಾಶ್ ತನ್ನ ಶಿಲುಬೆಯನ್ನೂ ತಾನೇ ಕೆತ್ತಿಟ್ಟಿದ್ದ. ಅವನ ನಂತರ ಕೆಲಸ ಮುಂದುವರಿಸಿದವನು ಶಿಷ್ಯ ದುಮಿತ್ರು ಪೊಪ್.

ಅತ್ತೆಯ ಮಾತು ಬಂದದ್ದರಿಂದ ಸಂಸಾರದ ಇನ್ನೊಂದು ಜಾಗ ನೆನಪಾಯಿತು. ಟ್ರಾನ್ಸಿಲ್ವೇನಿಯಾದ ನಡುವೆ ಬಿಯೆರ್ತಾನ್ ಎಂಬ ಊರು. ನೂರಾರು ವರ್ಷಗಳ ಹಿಂದೆ ಬಂದು ನೆಲೆಸಿದ ಜರ್ಮನ್ ಮೂಲದ ಸ್ಯಾಕ್ಸನ್ನರು ಕಟ್ಟಿದ ಕೋಟೆ ಚರ್ಚು ಅಲ್ಲಿದೆ. 1993ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಈ ಜನರ ಊರುಗಳಲ್ಲಿ ಚರ್ಚಿನ ಸುತ್ತ ಕೋಟೆ ಗೋಡೆ, ಗೋಪುರ. ವೈರಿಗಳು ದಂಡೆತ್ತಿ ಬಂದಾಗ ಇಡೀ ಊರೇ ಒಳಗೆ ಸೇರಿಕೊಳ್ಳುತ್ತಿತ್ತು. ಹಲವು ಕಡೆ ಒಂದು ಗೋಪುರ ಹಂದಿಯ ಕೊಬ್ಬಿಗೇ ಮೀಸಲು. ಮನೆಮನೆಯ ತುಂಡುಗಳನ್ನು ಗುರುತು ಹಾಕಿ ಸಾಲಾಗಿ ತೂಗುಹಾಕುತ್ತಿದ್ದರು.

ಬಿಯೆರ್ತಾನ್ ಕೋಟೆಯ ಒಂದು ಕೋಣೆಗೆ ದಂಪತಿಗಳ ಸೆರೆಮನೆ ಅಂತಲೇ ಹೆಸರು. ವಿಚ್ಛೇದನ ಬೇಕೆಂದು ಬಂದ ಗಂಡಹೆಂಡಿರನ್ನು ಚರ್ಚಿನವರು ಕೆಲವು ವಾರ ಅದರೊಳಗೆ ಕೂಡಿಹಾಕುತ್ತಿದ್ದರು. ಒಂದೇ ಮಂಚ, ಒಂದೇ ತಟ್ಟೆ, ಒಂದೇ ಚಮಚ. ಸರದಿ ಮೇಲೆ ಉಣ್ಣಬೇಕು, ಮೈಗೆ ಮೈ ತಾಗಿಸಿ ಮಲಗಬೇಕು. ಮುನ್ನೂರು ವರ್ಷದಲ್ಲಿ ಬೇರೆಯಾದದ್ದು ಒಂದೇ ಜೋಡಿ ಎಂದು ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ಕೇಳಲು ಸೊಗಸಾದ ಕಥೆ. ನನಗೆ ಮಾತ್ರ ಗಂಡನ ಹೊಡೆತ ತಾಳದೆ ಬಂದವಳನ್ನು ಅದೇ ಗಂಡನೊಟ್ಟಿಗೆ ಒಳಗೆ ಹಾಕಿ ಚಿಲಕ ಎಳೆದಾಗ ಅವಳಿಗೆ ಏನನ್ನಿಸಿರಬೇಕು ಎಂಬ ಯೋಚನೆ ಬಿಡುವುದಿಲ್ಲ. ರಾಜಿಯಾಗಿ ಹೊರಬಂದವರೆಲ್ಲ ಒಲಿದೇ ಬಂದರೆಂದು ನಂಬುವುದು ಕಷ್ಟ. ಆ ಪುಟ್ಟ ಕೋಣೆ ಕಟ್ಟಿದ ಕೈಗಳು ಮದುವೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದವು ಎಂಬುದಂತೂ ಒಳಗೆ ಹೋದರೆ ತಿಳಿಯುತ್ತದೆ. ಈಗ ಊರಿನಲ್ಲಿ ಸ್ಯಾಕ್ಸನ್ನರೇ ಕಡಿಮೆ. ಕಮ್ಯುನಿಸ್ಟ್ ಆಡಳಿತವನ್ನು ಉರುಳಿಸಿದ 1989ರ ಕ್ರಾಂತಿಯ ನಂತರ ಬಹುಪಾಲು ಮಂದಿ ಜರ್ಮನಿಗೆ ಹೊರಟುಹೋದರು.

ಟ್ರಾನ್ಸಿಲ್ವೇನಿಯಾದಲ್ಲೇ ಇರುವ ತುರ್ದಾ ಪಟ್ಟಣದ ಉಪ್ಪಿನ ಗಣಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಅದರ ಫೋಟೋಗಳು ಈಗ ಸಾಕಷ್ಟು ಕಡೆ ಕಾಣುತ್ತವೆ. 1932ರಲ್ಲಿ ಉಪ್ಪು ತೆಗೆಯುವುದು ನಿಂತಿತು. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿದವರು ಒಳಗೆ ಅಡಗಿದರು. ಆಮೇಲೆ ಚೀಸ್ ಇಡುವ ಉಗ್ರಾಣವಾಯಿತು. 1992ರಲ್ಲಿ ನೋಡುವವರಿಗೆ ಬಾಗಿಲು ತೆರೆಯಿತು. ಈಗ ಕೆಳಗೆ ಜಾತ್ರೆಯ ದೈತ್ಯ ತೊಟ್ಟಿಲೂ ಇದೆ, ಉಪ್ಪುನೀರಿನ ಕೊಳದಲ್ಲಿ ದೋಣಿಯೂ ಇದೆ. ಲಿಫ್ಟ್ ಇದ್ದರೂ ಮೆಟ್ಟಿಲಿಳಿದೇ ಹೋಗಿ. ಯಾವ ವರ್ಷ ಎಷ್ಟು ಆಳದವರೆಗೆ ಅಗೆದಿದ್ದರು ಎಂದು ಗೋಡೆಯ ಮೇಲೆ ಇಸವಿ ಗುರುತು ಹಾಕಿದ್ದಾರೆ. ಮೆಟ್ಟಿಲಿಳಿದಂತೆ ಇಸವಿ ಏರುತ್ತದೆ. ಒಂದು ವರ್ಷದ ಗುರುತಿಗೂ ಮುಂದಿನದಕ್ಕೂ ನಡುವೆ ಎಷ್ಟು ಕೈಗಳ ದುಡಿಮೆ ಹೋಗಿದೆ ಎಂದು ಲೆಕ್ಕ ಹಾಕುತ್ತ ಇಳಿಯಬಹುದು. ಒಳಗೆ ಸದಾ ಹತ್ತು ಹನ್ನೆರಡು ಡಿಗ್ರಿ, ಸ್ವೆಟರ್ ಮರೆಯಬೇಡಿ.

ಇನ್ನು ತುರ್ಗು ಜಿಯು ಪಟ್ಟಣಕ್ಕೆ ಹೋದರೆ, ಅಲ್ಲಿ ರುಮೇನಿಯಾದ ಶಿಲ್ಪಿ ಬ್ರಂಕುಶ್ 1938ರಲ್ಲಿ ನಿಲ್ಲಿಸಿದ ಕೊನೆಯಿಲ್ಲದ ಕಂಬವಿದೆ. ಮೊದಲ ಮಹಾಯುದ್ಧದಲ್ಲಿ ಮಡಿದವರ ನೆನಪಿನದು, ಎತ್ತರ 29 ಮೀಟರಿಗೂ ಮೇಲೆ. ಇದೇ ಬ್ರಂಕುಶ್ ಆಸುಪಾಸಿನ ದಿನಗಳಲ್ಲೇ ನಮ್ಮ ಇಂದೋರಿಗೂ ಬಂದಿದ್ದ. ಹೋಳ್ಕರ್ ಮಹಾರಾಜ ಯಶವಂತರಾವ್ ಅವನಿಂದ ಒಂದು ಧ್ಯಾನಮಂದಿರ ಕಟ್ಟಿಸಬೇಕೆಂದಿದ್ದರು. ಅದು ಕೈಗೂಡಲೇ ಇಲ್ಲ. ಆ ಮಂದಿರ ಎದ್ದಿದ್ದರೆ ಎಂದು ಈಗಲೂ ಹೊಟ್ಟೆ ಉರಿಯುತ್ತದೆ. ತುರ್ಗು ಜಿಯುವಿನ ಕಂಬವನ್ನು 1950ರ ದಶಕದಲ್ಲಿ ಕಮ್ಯುನಿಸ್ಟ್ ಅಧಿಕಾರಿಗಳು ಟ್ರ್ಯಾಕ್ಟರ್ ಕಟ್ಟಿ ಎಳೆಸಿದರು. ಕಂಬ ಜಗ್ಗಲಿಲ್ಲ. 2024ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು.

ಎಲ್ಲವೂ ಹಾಗೆ ಜಗ್ಗದೆ ಉಳಿಯಲಿಲ್ಲ. 1980ರ ದಶಕದಲ್ಲಿ ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಶೆಸ್ಕು ರಾಜಧಾನಿ ಬುಕಾರೆಸ್ಟ್ ನಗರದ ಹಳೆಯ ಬಡಾವಣೆಗಳನ್ನೇ ಒಡೆಸಿ, ತನ್ನ ಮಹಾಸೌಧಕ್ಕೂ ವಿಶಾಲ ರಸ್ತೆಗಳಿಗೂ ಜಾಗ ಮಾಡಿಸಿದ. ಮನೆ, ಮಠ, ಚರ್ಚು ಯಾವುದೂ ಲೆಕ್ಕಕ್ಕಿರಲಿಲ್ಲ. ಆಗ ಎವ್ಜೆನಿಯು ಯೋರ್ದಕೆಸ್ಕು ಎಂಬ ಎಂಜಿನಿಯರ್, ಒಡೆಯುವ ಬದಲು ಚರ್ಚನ್ನೇ ಬೇರೆ ಕಡೆ ಸರಿಸೋಣ ಎಂದ. ಆಗದ ಮಾತು, ಕುಸಿದು ಬೀಳುತ್ತದೆ ಎಂದರು ತಿಳಿದವರು. ಜನಜಂಗುಳಿಯ ನಡುವೆ ಗ್ಲಾಸು ತುಂಬಿದ ತಟ್ಟೆ ಹಿಡಿದು ಸಾಗುವ ಮಾಣಿಯನ್ನು ನೋಡಿ ತನಗೆ ದಾರಿ ಹೊಳೆಯಿತೆಂದು ಆತ ಹೇಳಿದ್ದಾನೆ. ಗ್ಲಾಸು ಬೀಳದಿರುವುದು ತಟ್ಟೆಯಿಂದ. ಹಾಗೆಯೇ ಚರ್ಚಿನ ಗೋಡೆಗಳ ಕೆಳಗೆ ಸ್ವಲ್ಪಸ್ವಲ್ಪವೇ ಅಗೆದು, ಕಾಂಕ್ರೀಟಿನ ಗಟ್ಟಿ ಚೌಕಟ್ಟು ಕೂರಿಸಿ, ಕಟ್ಟಡವನ್ನು ಪಾಯದಿಂದ ಬಿಡಿಸಿ, ಜ್ಯಾಕುಗಳಿಂದ ಎತ್ತಿ, ಹಳಿಗಳ ಮೇಲೆ ಮೆಲ್ಲಮೆಲ್ಲನೆ ಸರಿಸಿದರು. ಮೊದಲು 1982ರಲ್ಲಿ ಸ್ಕಿತುಲ್ ಮೈಚಿಲೋರ್ ಚರ್ಚು 245 ಮೀಟರ್ ಸಾಗಿತು. 1985ರಲ್ಲಿ ಹದಿನಾರನೆಯ ಶತಮಾನದ ಮಿಹಾಯ್ ವೋದಾ ಚರ್ಚಿನ ಸರದಿ. ಅದು ಹೋದದ್ದು 289 ಮೀಟರ್.

ಇವನ್ನು ಹುಡುಕಿಯೇ ನೋಡಬೇಕು. ರಸ್ತೆಯಲ್ಲಿ ನಿಂತರೆ ಕಾಣುವುದು ಬೂದು ಬಣ್ಣದ ಎತ್ತರದ ವಸತಿ ಕಟ್ಟಡಗಳು ಮಾತ್ರ. ಅವುಗಳ ಸಂದಿಯಲ್ಲಿ ನುಗ್ಗಿ ಹಿಂದೆ ಹೋದರೆ, ಕೆಂಪು ಇಟ್ಟಿಗೆಯ ಮಿಹಾಯ್ ವೋದಾ ಅಲ್ಲಿ ನಿಂತಿದೆ. ಗಂಟೆ ಗೋಪುರವನ್ನೂ ಬಿಡದೆ ಜೊತೆಗೆ ಸಾಗಿಸಿದ್ದಾರೆ. ಚರ್ಚನ್ನು ಕಾಣದಂತೆ ಮರೆಮಾಡುವುದು ಸರ್ಕಾರದ ಇಷ್ಟ, ಹೇಗಾದರೂ ಉಳಿಸುವುದು ಎಂಜಿನಿಯರನ ಹಟ. ಇಬ್ಬರದೂ ನೆರವೇರಿತು.

ಯೋರ್ದಕೆಸ್ಕು ಸರಿಸಿದ್ದು ಚರ್ಚುಗಳನ್ನಷ್ಟೇ ಅಲ್ಲ. 1987ರಲ್ಲಿ ಆಲ್ಬಾ ಯೂಲಿಯಾ ಪಟ್ಟಣದಲ್ಲಿ ದೊಡ್ಡದೊಂದು ವಸತಿ ಕಟ್ಟಡ ಹೊಸ ರಸ್ತೆಗೆ ಅಡ್ಡ ಬಂತು. ಅದನ್ನು ಎರಡು ಹೋಳು ಮಾಡಿ, ಮನೆಗಳಲ್ಲಿ ಜನ ಇರುವಾಗಲೇ ಪಕ್ಕಕ್ಕೆ ಸರಿಸಿ, ನಡುವೆ ರಸ್ತೆ ಹಾಯಿಸಿದರು. ಆಲ್ಬಾ ಯೂಲಿಯಾಕ್ಕೆ ಹೋದವರೆಲ್ಲ ಅಲ್ಲಿನ ನಕ್ಷತ್ರಾಕಾರದ ಕೋಟೆ ನೋಡಿ ಬಸ್ಸು ಹತ್ತುತ್ತಾರೆ. ನೀವು ಹೋದರೆ ಊರಿನ ವಯಸ್ಸಾದವರನ್ನು ನಿಲ್ಲಿಸಿ ಆ ಕಟ್ಟಡ ಎಲ್ಲಿ ಎಂದು ಕೇಳಿ. ಸರಿಯುವಾಗ ಒಳಗೇ ಇದ್ದವರು ಯಾರಾದರೂ ಸಿಕ್ಕಿದರೆ ಕೋಟೆಗಿಂತ ಹೆಚ್ಚು ಹೊತ್ತು ಅವರೊಡನೆಯೇ ಕಳೆಯಿರಿ.