ಮೊದಲು ಕಲ್ಲು, ಆಮೇಲೆ ಮರಳು

ನಮ್ಮ ರೂಮಲ್ಲಿ ಮೂರು ಜನ, ಎರಡು ಮಂಚ, ಎರಡಡಿ ಉದ್ದದ ಒಂದು ಉಪ್ಪುನೀರಿನ ಅಕ್ವೇರಿಯಂ. ಕೋರ್ಸ್ ಮುಗಿಸಿ ಹೋಗುವಾಗ ಸೀನಿಯರ್ ಒಬ್ಬರು ಅದನ್ನು ನಮಗೆ ಒಪ್ಪಿಸಿದರು. ಜೊತೆಗೆ ಎರಡು ಕ್ಲೌನ್ ಮೀನು, ಒಂದು ಗೋಬಿ. ಗೋಬಿ ಅಂದ್ರೆ ಮರಳಲ್ಲಿ ಬಿಲ ತೋಡಿಕೊಂಡು ಬದುಕೋ ಮೀನು. ಹೆಸರು ಕೇಳಿದ ಕೂಡಲೇ ನಾವು ಅದಕ್ಕೆ ಮಂಚೂರಿ ಅಂತ ನಾಮಕರಣ ಮಾಡಿಬಿಟ್ಟೆವು.

"ಮೊದಲು ಕಲ್ಲು, ಆಮೇಲೆ ಮರಳು. ಮರೀಬೇಡ್ರೋ" ಅಂತ ಸೀನಿಯರ್ ಹೇಳಿದ್ದರು. ನಾವು ಕೇಳಿಸಿಕೊಂಡೆವು, ಮಾಡಲಿಲ್ಲ. ಕೆಳಗೆ ಮರಳು ಮೆತ್ತಗಿದ್ದರೆ ಗಾಜಿಗೆ ಏನೂ ಆಗಲ್ಲ ಅನ್ನೋದು ನಮ್ಮ ಲಾಜಿಕ್. ಮರಳು ಹಾಸಿ, ಅದರ ಮೇಲೆ ಸುಣ್ಣಕಲ್ಲು ಪೇರಿಸಿ, ಫೋಟೋಗೆ ಚೆನ್ನಾಗಿರಲಿ ಅಂತ ಒಂದು ಕಮಾನು ಕಟ್ಟಿದೆವು. ಅಂಟು ಇಲ್ಲ, ಏನಿಲ್ಲ. ಒಣ ಟ್ಯಾಂಕಿನಲ್ಲಿ ಅಲ್ಲಾಡದೆ ನಿಂತಿತ್ತು, ಸಾಕು ಅಂದುಕೊಂಡೆವು.

ಮೂರನೇ ವಾರ, ಇಂಟರ್ನಲ್ಸ್ ಹಿಂದಿನ ರಾತ್ರಿ, 'ಟಕ್' ಅಂತ ಸದ್ದಾಯ್ತು. ಯಾರೂ ಏಳಲಿಲ್ಲ. ಬೆಳಗ್ಗೆ ನೋಡಿದರೆ ಕಮಾನು ಬಿದ್ದಿತ್ತು. ಗಾಜು ಒಡೆದಿರಲಿಲ್ಲ. ಕಲ್ಲೆತ್ತಿದಾಗ ಕೆಳಗೆ ಮಂಚೂರಿ ಇತ್ತು.

ಕಾರಣ ಹುಡುಕೋಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದು ತನ್ನ ಪಾಡಿಗೆ ತಾನು ಬಿಲ ತೋಡಿದೆ, ಬುಡದ ಕಲ್ಲಿನ ಕೆಳಗಿನ ಮರಳು ಖಾಲಿಯಾಗಿದೆ. ಇನ್ನೊಂದು ವಿಷಯ ಮೆಕ್ಯಾನಿಕ್ಸ್ ಪಾಸಾದ ನಮಗೇ ಹೊಳೆದಿರಲಿಲ್ಲ. ಸುಣ್ಣಕಲ್ಲಿನ ಸಾಂದ್ರತೆ ಸುಮಾರು 2.7, ಉಪ್ಪುನೀರಿನದು 1.025. ಲೆಕ್ಕ ಹಾಕಿದರೆ ನೀರೊಳಗೆ ಕಲ್ಲು ತನ್ನ ಭಾರದಲ್ಲಿ ಶೇಕಡಾ 38ರಷ್ಟು ಕಳೆದುಕೊಳ್ಳುತ್ತೆ. ಭಾರ ಇಳಿದಷ್ಟು ಘರ್ಷಣೆಯೂ ಇಳಿಯುತ್ತೆ. ಒಣಗಿದ್ದಾಗ ಜಗ್ಗದ ಕಲ್ಲು ನೀರಲ್ಲಿ ಸಣ್ಣ ತಳ್ಳಾಟಕ್ಕೂ ಜಾರಬಹುದು. ಫ್ರೀ ಬಾಡಿ ಡಯಾಗ್ರಾಂ ಪೇಪರ್ ಮೇಲೆ ನೂರು ಬಿಡಿಸಿದ್ದೀವಿ, ಇದಕ್ಕೆ ಒಂದೂ ಬಿಡಿಸಲಿಲ್ಲ.

ಎರಡು ದಿನ ಸೀನಿಯರ್‌ಗೆ ಹೇಳಲಿಲ್ಲ. ಮೂರನೇ ದಿನ ಫೋನ್ ಸ್ಪೀಕರಿಗೆ ಹಾಕಿ ಮೂವರೂ ಕೂತೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮರಳಿನ ಮೇಲೆ ಇಟ್ಟಿದ್ರಾ?" ಹೌದು ಅಣ್ಣ ಅಂದೆವು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಮ್ಮ ಪಿಜಿ ಪಕ್ಕ ಮನೆ ಕಟ್ಟುತ್ತಿದ್ದರು. ಪಾಯಕ್ಕೆ ಸೈಜುಗಲ್ಲು ಕೂರಿಸುತ್ತಿದ್ದ ಮೇಸ್ತ್ರಿಯನ್ನು ಆ ವಾರ ನಿಂತು ನೋಡಿದೆವು. ಒಂದು ಕಲ್ಲು ಇಟ್ಟು ಮೂಲೆ ಮೂಲೆ ಒತ್ತುತ್ತಾರೆ. ಅಲ್ಲಾಡಿದರೆ ತಿರುಗಿಸಿ ಇಡುತ್ತಾರೆ. "ಕಲ್ಲು ನಿಂತ್ರೆ ಸಾಲ್ದು ಕಣಪ್ಪ, ಕೂತ್ಕೋಬೇಕು" ಅಂದರು.

ಭಾನುವಾರ ಕ್ಲೌನ್ ಮೀನುಗಳನ್ನು ಉಪ್ಪುನೀರಿನ ಬಕೆಟ್ಟಿಗೆ ಬಿಟ್ಟು, ಏರ್ ಪಂಪ್ ಹಾಕಿ, ಕೆಲಸ ಶುರು ಮಾಡಿದೆವು. ಕಲ್ಲು ಒಣಗದ ಹಾಗೆ ಅದೇ ನೀರಲ್ಲಿ ಇಟ್ಟೆವು. ಮೀನಿನ ಗಲೀಜಿನಿಂದ ಬರೋ ಅಮೋನಿಯಾವನ್ನು ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಆ ಕಲ್ಲಿನ ತೂತುಗಳಲ್ಲೇ ಇರೋದು. ಟ್ಯಾಂಕಿನ ತಳಕ್ಕೆ ತೆಳು ಪ್ಲಾಸ್ಟಿಕ್ ಜಾಲರಿ, ಅದರ ಮೇಲೆ ನೇರವಾಗಿ ಅಗಲವಾದ ಕಲ್ಲುಗಳು. ಮೇಲಿನ ಪ್ರತಿ ಕಲ್ಲೂ ಕನಿಷ್ಠ ಮೂರು ಕಡೆ ತಾಗಬೇಕು. ಕೂಡೋ ಜಾಗಕ್ಕೆ ಸೂಪರ್ ಗ್ಲೂ ಜೆಲ್, ಅಕ್ವೇರಿಯಂಗೆ ಅಂತಲೇ ಬರೋ ಎಪಾಕ್ಸಿ ಪುಟ್ಟಿ. ಗಾಜಿನಿಂದ ನಾಲ್ಕು ಬೆರಳು ಜಾಗ ಬಿಟ್ಟೆವು, ನೀರು ಓಡಾಡಬೇಕು, ಉಜ್ಜೋಕೆ ಕೈಯೂ ಹೋಗಬೇಕು. ಕೊನೆಗೆ ಮರಳನ್ನು ಸುತ್ತಲೂ ಸುರಿದೆವು. ಕಮಾನು ಇಲ್ಲ, ಎತ್ತರವೂ ಇಲ್ಲ. ಫೋಟೋದಲ್ಲಿ ಸುಮಾರಾಗಿ ಕಾಣುತ್ತೆ.

ಎರಡು ತಿಂಗಳು ಕಾದು ಹೊಸ ಗೋಬಿ ತಂದೆವು. ಮೊದಲ ರಾತ್ರಿ ನಿದ್ದೆ ಬರಲಿಲ್ಲ, ಸರದಿ ಮೇಲೆ ಎದ್ದು ಟಾರ್ಚ್ ಬಿಟ್ಟು ನೋಡಿದೆವು. ಅದು ಬುಡದ ಕಲ್ಲಿನ ಪಕ್ಕದಲ್ಲೇ ತೋಡುತ್ತಾ ತೋಡುತ್ತಾ ತಳ ಮುಟ್ಟಿತ್ತು. ಕಲ್ಲು ಕೂತಲ್ಲೇ ಇತ್ತು.

ಇದಕ್ಕೆ ಇನ್ನೂ ಹೆಸರಿಟ್ಟಿಲ್ಲ.