ವಿ.ಟಿ.ಯಿಂದ ಕುರ್ಲಾಕ್ಕೆ

ಮುಂಬಯಿಗೆ ಹೋದವರು ಗೇಟ್‌ವೇ ನೋಡುತ್ತಾರೆ, ಚೌಪಾಟಿಯಲ್ಲಿ ಭೇಲ್ ತಿನ್ನುತ್ತಾರೆ. ಮಕ್ಕಳು ಜೊತೆಗಿದ್ದರೆ ಇನ್ನೊಂದು ಕೆಲಸವನ್ನೂ ಮಾಡಬಹುದು. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ (ಹಳಬರ ಬಾಯಲ್ಲಿ ಅದು ಇಂದಿಗೂ ವಿ.ಟಿ.ಯೇ) ಹಾರ್ಬರ್ ಮಾರ್ಗದ ಲೋಕಲ್ ಹತ್ತಿ ಕುರ್ಲಾದವರೆಗೆ ಹೋಗಿಬರುವುದು. ಭಾರತದ ಮೊದಲ ವಿದ್ಯುತ್ ಪ್ರಯಾಣಿಕ ರೈಲು 1925ರ ಫೆಬ್ರುವರಿ 3ರಂದು ಹೊರಟಿದ್ದು ಇದೇ ದಾರಿಯಲ್ಲಿ.

ಮಸೀದ್ ದಾಟುತ್ತಲೇ ಗಾಡಿ ಮೇಲೇರುತ್ತದೆ. ಸ್ಯಾಂಡ್‌ಹರ್ಸ್ಟ್ ರೋಡ್ ನಿಲ್ದಾಣಕ್ಕೆ ಎರಡು ಅಂತಸ್ತು. ಕೆಳಗೆ ಕಲ್ಯಾಣದ ಮುಖ್ಯ ಮಾರ್ಗ, ಮೇಲೆ ನಮ್ಮ ಹಾರ್ಬರ್ ಗಾಡಿ. ಮುಂದೆ ಡಾಕ್‌ಯಾರ್ಡ್ ರೋಡ್, ರೇ ರೋಡ್, ಕಾಟನ್ ಗ್ರೀನ್. ಹಡಗು ಮತ್ತು ಹತ್ತಿಯಿಂದ ಬೆಳೆದ ಊರು ಇದೆಂದು ಹೆಸರುಗಳೇ ಹೇಳುತ್ತವೆ.

ಉಗಿಬಂಡಿಗೆ ಇಂಥ ದಾರಿ ಒಗ್ಗುತ್ತಿರಲಿಲ್ಲ. ಅದು ವೇಗ ಹಿಡಿಯುವಷ್ಟರಲ್ಲಿ ಮುಂದಿನ ನಿಲ್ದಾಣ ಬಂದಿರುತ್ತಿತ್ತು. ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ ಮತ್ತೊಂದು ತುದಿಗೆ ಒಯ್ಯಬೇಕು. ವಿದ್ಯುತ್ ಲೋಕಲ್‌ಗೆ ಪ್ರತ್ಯೇಕ ಎಂಜಿನ್ನೇ ಇಲ್ಲ. ಮೋಟರುಗಳು ಬೋಗಿಗಳ ಅಡಿಯಲ್ಲೇ ಇವೆ, ಎರಡೂ ತುದಿಯಲ್ಲಿ ಚಾಲಕನ ಕೋಣೆಯಿದೆ. ಮೋಟರ್‌ಮನ್ ಈ ತುದಿಯಿಂದ ಆ ತುದಿಗೆ ನಡೆದರೆ ಗಾಡಿ ಹೊರಡಲು ಸಿದ್ಧ.

ಆಗ ಆರಿಸಿಕೊಂಡಿದ್ದು 1500 ವೋಲ್ಟ್‌ನ ಏಕಮುಖ ವಿದ್ಯುತ್, ಅಂದರೆ ಡಿ.ಸಿ. ಅಂದಿನ ಮಟ್ಟಿಗೆ ಜಾಣ ಆಯ್ಕೆಯೇ. ಡಿ.ಸಿ. ಮೋಟರಿನ ವೇಗವನ್ನು ಹತೋಟಿಯಲ್ಲಿಡುವುದು ಸುಲಭವಿತ್ತು. ನಿಂತ ಗಾಡಿಗೆ ಒಮ್ಮೆಲೇ ಪೂರ್ಣ ವಿದ್ಯುತ್ ಕೊಟ್ಟರೆ ಮೋಟರು ಸುಟ್ಟೀತು. ಅದಕ್ಕೆ ನಡುವೆ ರೋಧಕಗಳನ್ನಿಟ್ಟು, ವೇಗ ಏರಿದಂತೆ ಒಂದೊಂದನ್ನೇ ಕಳಚುತ್ತಿದ್ದರು. ಅಷ್ಟು ಹೊತ್ತೂ ಒಂದಷ್ಟು ವಿದ್ಯುತ್ತು ಬರೀ ಶಾಖವಾಗಿ ಪೋಲು.

ಹಾರ್ಬರ್ ಮಾರ್ಗದಲ್ಲಿ ನಾಲ್ಕು ಬೋಗಿಯಿಂದ ಶುರುವಾದ ಗಾಡಿ ಕ್ರಮೇಣ ಹನ್ನೆರಡಾಯಿತು. ಕಚೇರಿಯವರು, ಗಿರಣಿಯವರು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ನಮ್ಮ ಕರಾವಳಿಯ ಹುಡುಗರು, ಎಲ್ಲರ ಊರೂ ಈ ಲೋಕಲ್ಲಿನಿಂದಲೇ ಹಿಗ್ಗಿತು. 1500 ವೋಲ್ಟ್ ಮಾತ್ರ ಹಾಗೇ ಉಳಿಯಿತು. ವೋಲ್ಟೇಜು ಕಡಿಮೆಯಾದರೆ ಅಷ್ಟೇ ಕೆಲಸಕ್ಕೆ ಹೆಚ್ಚು ಕರೆಂಟು ಹರಿಯಬೇಕು. ದಪ್ಪ ತಂತಿ ಬೇಕು, ಕೆಲವೇ ಕಿಲೋಮೀಟರಿಗೊಂದು ಉಪಕೇಂದ್ರ ಬೇಕು. 25,000 ವೋಲ್ಟ್‌ನ ಎ.ಸಿ.ಯಲ್ಲಾದರೆ ಅದರ ಸುಮಾರು ಹದಿನಾರನೇ ಒಂದು ಪಾಲು ಕರೆಂಟು ಸಾಕು.

ಹಾಗಾದರೆ ಬದಲಿಸಿದರಾಯಿತಲ್ಲ ಎನ್ನಬಹುದು. ಆದರೆ ಮುಂಬಯಿಯ ಲೋಕಲ್ಲನ್ನು ಒಂದು ದಿನ ನಿಲ್ಲಿಸಿದರೂ ಊರೇ ನಿಂತೀತು! ಎರಡೂ ಬಗೆಯ ವಿದ್ಯುತ್ತಿನಲ್ಲಿ ಓಡಬಲ್ಲ ಗಾಡಿಗಳನ್ನು ತಂದು, ಹಂತಹಂತವಾಗಿ ತಂತಿ ಬದಲಿಸಿದರು. ಹಳೆಯ ರಸ್ತೆ ಸೇತುವೆಗಳು ತಗ್ಗಾಗಿದ್ದವು. ಹೆಚ್ಚು ವೋಲ್ಟೇಜಿನ ತಂತಿಗೂ ಸೇತುವೆಗೂ ನಡುವೆ ಹೆಚ್ಚು ಅಂತರ ಬೇಕು. ಕೆಲವೆಡೆ ಹಳಿಯನ್ನೇ ತಗ್ಗಿಸಿದರು. ಸ್ಯಾಂಡ್‌ಹರ್ಸ್ಟ್ ರೋಡ್ ಬಳಿಯ ಹ್ಯಾನ್‌ಕಾಕ್ ಸೇತುವೆಯನ್ನು 2016ರ ಜನವರಿಯಲ್ಲಿ ಕೆಡವಿದರು. ಗಾಡಿಯ ಚಾವಣಿಯೇರಿ ಕೂರುವ ಹುಡುಗರಿಗೂ ಎಚ್ಚರಿಕೆ ಹೇಳಬೇಕಾಯಿತು. 25,000 ವೋಲ್ಟ್‌ನ ತಂತಿಯನ್ನು ಮುಟ್ಟಬೇಕೆಂದೇನಿಲ್ಲ, ಹತ್ತಿರ ಸುಳಿದರೂ ಅದು ಕೊಲ್ಲುತ್ತದೆ.

ಪಶ್ಚಿಮ ರೈಲ್ವೆಯ ಕೆಲಸ 2012ರಲ್ಲಿ ಮುಗಿಯಿತು, ಮಧ್ಯ ರೈಲ್ವೆಯ ಮುಖ್ಯ ಮಾರ್ಗದ್ದು 2015ರಲ್ಲಿ. ಕೊನೆಗೆ ಉಳಿದಿದ್ದು ಹಾರ್ಬರ್. 2016ರ ಏಪ್ರಿಲ್ 9ರ ರಾತ್ರಿ ಕೊನೆಯ ಡಿ.ಸಿ. ಲೋಕಲ್ ಕುರ್ಲಾದಿಂದ ವಿ.ಟಿ.ಗೆ ಬಂತು.

ಹೋಗುವುದಾದರೆ ಬೆಳಗಿನ, ಸಂಜೆಯ ನೂಕುನುಗ್ಗಲು ತಪ್ಪಿಸಿ ನಡುಹಗಲಲ್ಲಿ ಹೋಗಿ. ಭಾನುವಾರ ಬೇಡ, ದುರಸ್ತಿಗಾಗಿ ಅಂದು ಆಗಾಗ ‘ಮೆಗಾಬ್ಲಾಕ್’ ಇರುತ್ತದೆ.